ತಂತಿಯಕ್ಕನ ಬಾಗಿಲು

ತಂತಿಯಕ್ಕನ ನಡುಮನೆಯಲ್ಲಿ ಒಂದು ಬಾಗಿಲು ಗೋಡೆಗೆ ಒರಗಿ ನಿಂತು ಬಹಳ ಕಾಲವಾಗಿತ್ತು. ಅದು ಯಾವ ಕೋಣೆಯ ಬಾಗಿಲೂ ಅಲ್ಲ. ಅದಕ್ಕೆ ಚೌಕಟ್ಟಿರಲಿಲ್ಲ. ಗಟ್ಟಿ ಮರ, ಹಿತ್ತಾಳೆಯ ಹಿಡಿಕೆ, ಉಜ್ಜಿ ಉಜ್ಜಿ ಕನ್ನಡಿಯಾದ ಮೈ. ಅತ್ತೆ ಅದರ ಮೇಲೆ ದಿನಾ ಒದ್ದೆ ಬಟ್ಟೆ ಹರವುತ್ತಿದ್ದಳು.

"ಊರಲ್ಲಿ ಎಲ್ಲರೂ ಮನೆ ಕಟ್ಟಿ ಬಾಗಿಲು ಮಾಡಿಸ್ತಾರೆ. ನನ್ನ ಮಗ ಬಾಗಿಲು ಮಾಡಿ ಕೋಣೆಗೆ ಕಾಯ್ತಾ ಕೂತಿದಾನೆ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಮಾತು ಸುಳ್ಳಲ್ಲ. ತಂತಿಯಕ್ಕ ಸರ್ಕಾರಿ ಶಾಲೆಯ ತಾಂತ್ರಿಕ ಸಹಾಯಕಿ. ಕಂಪ್ಯೂಟರು, ಪ್ರಿಂಟರು, ತರಗತಿಯ ದೊಡ್ಡ ಪರದೆ, ಮೈಕು, ಅಷ್ಟೂ ಅವಳ ಸುಪರ್ದಿ. ಇಷ್ಟೆಲ್ಲ ನೋಡಿಕೊಳ್ಳುವವಳಿಗೆ ಶಾಲೆ ಕೊಟ್ಟ ಜಾಗ ಮೆಟ್ಟಿಲ ಕೆಳಗಿನ ಸಂದಿ. ಅಲ್ಲಿ ಅವಳ ಮೇಜಿನ ಪಕ್ಕದಲ್ಲೇ ಆಟದ ಸಾಮಾನಿನ ರಾಶಿ. ಡ್ರಿಲ್ ಮೇಷ್ಟ್ರು ವಾಲಿಬಾಲ್ ನೆಟ್ಟು ಎಳೆದಾಗಲೆಲ್ಲ ಅವಳು ಬಿಚ್ಚಿಟ್ಟ ಸ್ಕ್ರೂಗಳು ಚೆಲ್ಲಾಪಿಲ್ಲಿ. ಹುಡುಗರು ಮೆಟ್ಟಿಲು ಹತ್ತಿದರೆ ತಲೆಯ ಮೇಲೆ ಮಣ್ಣು. ಒಂದು ಕಾಲದಲ್ಲಿ ಹೆಡ್ ಮೇಡಂ "ನಿಮಗೊಂದು ಕೋಣೆ ಮಾಡಿಸ್ಕೊಡ್ತೀವಿ" ಎಂದು ಬಾಯಿಮಾತಿಗೆ ಹೇಳಿದ್ದರು. ಅದನ್ನು ಮನೆಗೆ ಬಂದು ಹೇಳಿದ್ದೇ ತಪ್ಪಾಯಿತು. ಗಂಡ ಬಡಗಿ. ಸಂತೋಷ ತಡೆಯಲಾರದೆ ಆ ವಾರವೇ ಬಾಗಿಲು ಮಾಡಿಬಿಟ್ಟ. ಬಾಗಿಲು ಬಂತು, ಕೋಣೆ ಬರಲಿಲ್ಲ.

ಈಗ ಬರುವ ಹಾಗಿತ್ತು. ಶಿಕ್ಷಣ ಇಲಾಖೆಯವರು ಈ ವರ್ಷದಿಂದ ಸರ್ಕಾರಿ ಶಾಲೆಗಳ ಶ್ರೇಷ್ಠ ತಾಂತ್ರಿಕ ಸಿಬ್ಬಂದಿಗೆ ಪ್ರಶಸ್ತಿ ಕೊಡುತ್ತೇವೆಂದು ಸಾರಿದ್ದರು. ಗೆದ್ದವರಿಗೆ ಒಂದು ಫಲಕ, ಅವರ ಶಾಲೆಗೆ ಇಲಾಖೆಯ ಖರ್ಚಿನಲ್ಲೇ ಒಂದು ಕೆಲಸದ ಕೋಣೆ. ಕೊನೆಯ ಸುತ್ತಿಗೆ ಉಳಿದಿದ್ದವರು ಇಬ್ಬರೇ. ತಂತಿಯಕ್ಕ ಒಬ್ಬಳು, ಪೇಟೆಬೀದಿ ಶಾಲೆಯವನೊಬ್ಬ. ಆಯ್ಕೆಯವರು ಶಾಲೆಗೇ ಬಂದು ಕೆಲಸ ನೋಡುವವರಿದ್ದರು. ಪೇಟೆಬೀದಿಯಲ್ಲಿ ನೋಡಿ ಮುಗಿಸಿದ್ದರು. ಇಂದು ಇಲ್ಲಿ.

"ಲೇ, ಚೌಕಟ್ಟಿಗೆ ಮರ ತೆಗೆದಿಟ್ಟಿದೀನಿ" ಎಂದ ಗಂಡ, ಅವಳು ಚಪ್ಪಲಿ ಮೆಟ್ಟುವಾಗ.

"ಮೊದ್ಲು ಬಾಯಿಗೆ ಚೌಕಟ್ಟು ಹಾಕ್ಕೊಳ್ಳಿ. ಇನ್ನೂ ಗೆದ್ದಿಲ್ಲ ನಾನು."

"ಗೆದ್ದೇ ಗೆಲ್ತೀಯ. ನಿನ್ನ ಬಾಯಿಗೆ ಯಾವ ಆಯ್ಕೆಯವನು ಎದುರು ನಿಲ್ತಾನೆ?"

ಅತ್ತೆ ಬಾಗಿಲ ಮೇಲಿನ ಸೀರೆ ಸರಿಪಡಿಸುತ್ತ ಹೇಳಿದಳು: "ಗೆದ್ದರೆ ನನ್ನ ಬಟ್ಟೆ ಒಣಗಿಸೋಕೆ ಒಂದು ಹಗ್ಗ ಕಟ್ಟಿಸ್ಕೊಡಿ. ಸೋತರೆ ಇದೇ ಸಾಕು."

ಒಳಗಿನ ಆತಂಕ ಮುಚ್ಚಿಡಲು ತಂತಿಯಕ್ಕ ಗದರುತ್ತಿದ್ದಳು. ಅವಳಿಗೆ ಸಂತೋಷವಾದರೂ ಗದರುವುದೇ, ಭಯವಾದರೂ ಗದರುವುದೇ.

*

ಅವಳ ಕೆಲಸದ ರೀತಿಯನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನ ರಾದ್ಧಾಂತಕ್ಕೆಲ್ಲ ಅದೇ ಮೂಲ.

ಯಾರ ಯಂತ್ರ ಕೆಟ್ಟರೂ ಅವಳು ಓಡಿ ಹೋಗುತ್ತಿದ್ದಳು. ಆದರೆ ಯಂತ್ರ ಮುಟ್ಟುತ್ತಿರಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತು, ಕೆಟ್ಟಿದೆ ಎಂದು ಕೂಗಿದವರ ಕೈಯಲ್ಲೇ ರಿಪೇರಿ ಮಾಡಿಸುತ್ತಿದ್ದಳು. "ಕೈ ನಿಮ್ದು, ಬಾಯಿ ನಂದು" ಎನ್ನುವುದು ಅವಳ ಕಟ್ಟುನಿಟ್ಟು. ಆ ಬಾಯಿಯೂ ಸಾಮಾನ್ಯದ್ದಲ್ಲ. "ಅದಲ್ಲ, ಪಕ್ಕದ್ದು! ಕಣ್ಣೇನು ಮನೇಲಿಟ್ಟು ಬಂದ್ರಾ? ಮೆಲ್ಲಗೆ, ಅದು ಹಗ್ಗಜಗ್ಗಾಟದ ಹಗ್ಗ ಅಲ್ಲ!" ಎಂದು ಉಗಿದು ಉಪ್ಪಿನಕಾಯಿ ಹಾಕುತ್ತಿದ್ದಳು. ಬೈಸಿಕೊಂಡು ಕಲಿತದ್ದು ಯಾರಿಗೂ ಮರೆಯಲಿಲ್ಲ. ಶಾಲೆಯ ಪ್ರತಿ ತಂತಿಯ ತುದಿಗೂ ಅವಳು ಉಗುರುಬಣ್ಣದ ಚುಕ್ಕಿ ಇಟ್ಟಿದ್ದಳು. ಕೆಂಪು ಚುಕ್ಕಿ ಕೆಂಪು ಚುಕ್ಕಿಗೆ, ಹಸಿರು ಹಸಿರಿಗೆ. "ಉಗುರಿಗೆ ಹಚ್ಚೋದನ್ನ ತಂತಿಗೆ ಹಚ್ತಾಳೆ, ಎಂಥ ಶೃಂಗಾರಾನೋ" ಎಂದು ಅತ್ತೆ ಇದಕ್ಕೂ ಒಂದು ಮಾತು ಇಟ್ಟಿದ್ದಳು.

ಹೀಗಾಗಿ ಶಾಲೆಯಲ್ಲಿ ಎಲ್ಲರಿಗೂ ಎಲ್ಲವೂ ಬರುತ್ತಿತ್ತು. ಹೆಡ್ ಮೇಡಂ ಒಬ್ಬರನ್ನು ಬಿಟ್ಟು. ಅವರು ಹಿರಿಯರು, ಗಂಭೀರ ಹೆಂಗಸು, ಅವರು ಬರುವ ಸದ್ದಿಗೆ ಹುಡುಗರು ಉಸಿರು ಹಿಡಿಯುತ್ತಿದ್ದರು. ಅವರಿಗೆ ಹೇಗೆ ಗದರುವುದು? ಅವರ ಕೋಣೆಯ ಕೆಲಸವನ್ನು ಮಾತ್ರ ತಂತಿಯಕ್ಕ ಬಾಯಿ ಮುಚ್ಚಿ ತಾನೇ ಮಾಡಿ ಬರುತ್ತಿದ್ದಳು.

ಅಡ್ಡ ಬಂದದ್ದು ಅವಳ ಬಾಯಿಯೇ. ಹಿಂದಿನ ದಿನ ಶಿಕ್ಷಕರ ಕೋಣೆಯಲ್ಲಿ ಚಹಾ ಕುಡಿಯುತ್ತ ಗುಮಾಸ್ತ ಒಂದು ಸುದ್ದಿ ತಂದಿದ್ದ. "ಪೇಟೆಬೀದಿಯವನು ಸತ್ತೇ ಹೋಗಿದ್ದ ಕಂಪ್ಯೂಟರಿಗೆ ಎಲ್ಲರ ಕಣ್ಣೆದುರೇ ಜೀವ ತಂದನಂತೆ ಕಣಕ್ಕಾ. ಆಯ್ಕೆಯವರು ಚಪ್ಪಾಳೆ ಹೊಡೆದರಂತೆ."

ತಂತಿಯಕ್ಕನ ಮೋರೆ ಇಳಿದುಹೋಯಿತು. "ನಮ್ಮ ಶಾಲೇಲಿ ಒಂದು ಗುಂಡಿನೂ ಕೆಟ್ಟಿಲ್ಲವಲ್ಲೋ! ಬಂದವರಿಗೆ ನಾನೇನು ತೋರಿಸ್ಲಿ? ನನ್ನ ಮುಖಾನಾ?"

ಲೋಟ ಕುಕ್ಕಿ ಎದ್ದು ಹೋದಳು. ಕೋಣೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ಪ್ರತಿಯೊಬ್ಬರೂ ತಮ್ಮ ಲೋಟದೊಳಗೇ ನೋಡಿದರು. ಅದೇ ಅನಾಹುತ. ಒಬ್ಬರ ಜೊತೆ ಒಬ್ಬರು ಒಂದು ಮಾತು ಆಡಿದ್ದರೆ ಇಷ್ಟಾಗುತ್ತಿರಲಿಲ್ಲ.

*

ಬೆಳಿಗ್ಗೆ ಆಯ್ಕೆಯವರು ಇಬ್ಬರು ಬಂದರು. ಒಬ್ಬಾಕೆ ಬಿಳಿಕೂದಲ ಅಧಿಕಾರಿಣಿ. ನಕ್ಕರೆ ಎಲ್ಲಿ ಹಲ್ಲು ಉದುರುತ್ತದೋ ಎನ್ನುವ ಹಾಗೆ ತುಟಿ ಬಿಗಿದಿದ್ದರು. ಇನ್ನೊಬ್ಬ ಟೈ ಕಟ್ಟಿದ ಎಳೆಯ ಅಧಿಕಾರಿ, ಬಗಲಲ್ಲಿ ಲ್ಯಾಪ್‌ಟಾಪು, ಮುಖದ ತುಂಬ ನಗು.

"ನೀವು ದಿನಾ ಮಾಡೋದನ್ನ ಮಾಡ್ತಾ ಇರಿ. ನಾವು ನೋಡ್ತೀವಿ, ಅಷ್ಟೇ" ಎಂದ ಟೈ ಅಧಿಕಾರಿ.

ಹೆಡ್ ಮೇಡಂ ಸ್ವಾಗತ ಹೇಳಲು ಮೈಕು ಹಿಡಿದರು. ಮೈಕು ಮಾತಾಡಲಿಲ್ಲ. ತಂತಿಯಕ್ಕ ಕತ್ತು ಹೊರಳಿಸಿದಳು. ಅಷ್ಟರಲ್ಲಿ ಮಾಳಿಗೆಯ ಕಂಪ್ಯೂಟರ್ ಕೋಣೆಯಿಂದ ಹುಡುಗಿಯರ ಕಿರುಚಾಟ. "ಅಕ್ಕಾ! ನಾನು ಮೌಸ್ ಅಲ್ಲಾಡಿಸಿದ್ರೆ ಇವಳ ಪರದೇಲಿ ಬಾಣ ಓಡ್ತದೆ!" ಕಚೇರಿಯಿಂದ ಗುಮಾಸ್ತನ ರಾಗ: "ಅಕ್ಕಾ, ಪ್ರಿಂಟರು ಉಸಿರೇ ಬಿಡ್ತಿಲ್ಲ!" ಎಲ್ಲ ತರಗತಿಯಿಂದಲೂ ಒಂದೇ ಸೊಲ್ಲು: ಅಂತರ್ಜಾಲ ಇಲ್ಲ, ಇಲ್ಲ, ಇಲ್ಲ.

ನಿನ್ನೆ ಸಂಜೆ ಗಡಿಯಾರದಂತೆ ನಡೆಯುತ್ತಿದ್ದ ಶಾಲೆ ಬೆಳಗಾಗುವಷ್ಟರಲ್ಲಿ ಅಂಗಾತ ಬಿದ್ದಿತ್ತು.

ನಡುಮನೆಯ ಬಾಗಿಲು ತಂತಿಯಕ್ಕನ ಕಣ್ಣ ಮುಂದೆ ಬಂದು, ಅದರ ಮೇಲೆ ಅತ್ತೆಯ ಸೀರೆಗಳು ಸಾಲಾಗಿ ಹಾರಾಡಿದವು. ಇದೇನು ಗ್ರಹಚಾರ, ಇವತ್ತೇ ಬರಬೇಕಿತ್ತೆ? ಮರುಗಳಿಗೆಗೆ ಮೈಕಿನ ತಂತಿ ಎಲ್ಲಿದೆ ಎಂದು ನೋಡಿದಳು. ಅದು ಗೋಡೆಯ ಪ್ಲಗ್ಗಿನಿಂದ ಕಳಚಿ ಕಿಟಕಿಯ ಸರಳಿಗೆ ಸುತ್ತಿಕೊಂಡಿತ್ತು. ಸುಮ್ಮನೆ ಸುತ್ತಿಕೊಂಡಿರಲಿಲ್ಲ, ಗಂಟು ಬಿದ್ದಿತ್ತು. ಆ ಗಂಟನ್ನು ಅವಳು ದಿನಾ ನೋಡುತ್ತಿದ್ದಳು. ವಾಲಿಬಾಲ್ ನೆಟ್ಟಿನ ಗಂಟು!

"ಡ್ರಿಲ್ ಮೇಷ್ಟ್ರೇ!"

ಹಿಂದಿನ ಸಾಲಿನಲ್ಲಿ ಆರಡಿ ಆಳು ಮೂರಡಿಯಾಗಿ ಕುಗ್ಗಿ ಕೂತಿದ್ದ.

"ಇಲ್ಲಿ ಬನ್ನಿ. ಇದು ಯಾರ ಕೈಕೆಲಸ?"

"ಅಕ್ಕ, ಅದು... ನೀವು ನಿನ್ನೆ ಬೇಜಾರು ಮಾಡ್ಕೊಂಡ್ರಲ್ಲ... ಒಂದೇ ಒಂದು ಕೆಡಿಸಿದ್ರೆ ನೀವು ಸರಿ ಮಾಡಿ ಚಪ್ಪಾಳೆ ಗಿಟ್ಟಿಸ್ತೀರಿ ಅಂತ..." ಪಿಸುಗುಟ್ಟಿದ ಮೇಷ್ಟ್ರು. ಆದರೆ ಜೀವನವಿಡೀ ಮೈದಾನದಲ್ಲಿ ಕೂಗಿದ ಗಂಟಲು ಅದು. ಅವನ ಪಿಸುಮಾತು ಗೇಟಿನವರೆಗೆ ಕೇಳಿಸಿತು. ಟೈ ಅಧಿಕಾರಿ ಕೆಮ್ಮಿದ. ಬಿಳಿಕೂದಲಿನವರು ಅಲ್ಲಾಡಲಿಲ್ಲ.

ತಂತಿಯಕ್ಕನಿಗೆ ಸಿಟ್ಟು ನೆತ್ತಿಗೇರಿತು. ಆಯ್ಕೆಯವರು ಎದುರಿಗಿದ್ದಾರೆ, ಇಂದು ಒಂದು ದಿನ ನಾಲಿಗೆ ಹಿಡಿದಿಟ್ಟುಕೊಳ್ಳಬೇಕು ಎಂದು ಬೆಳಿಗ್ಗೆ ಮಾಡಿಕೊಂಡ ನಿರ್ಧಾರ ಗಾಳಿಗೆ ಹಾರಿತು. ಕೈಗಳು ತಾವಾಗಿ ಬೆನ್ನ ಹಿಂದೆ ಹೋದವು.

"ಕಟ್ಟಿದ ಕೈಯೇ ಬಿಚ್ಚಬೇಕು! ಬಿಚ್ಚಿ! ಹಲ್ಲಲ್ಲಿ ಎಳೀಬೇಡಿ, ಅದು ಕರೆಂಟಿನ ತಂತಿ! ಯಾವ ಚುಕ್ಕಿ ಅದು? ಹಳದಿ. ಗೋಡೆಯ ಹಳದಿ ಎಲ್ಲಿದೆ? ನನ್ನ ತಲೆ ಮೇಲಿಲ್ಲ, ನಿಮ್ಮ ಮೊಣಕಾಲ ಹತ್ರ!"

ಮೈಕು ಕೀಚ್ ಎಂದಿತು. ಅವಳು ಆಗಲೇ ಕಚೇರಿಯತ್ತ ಓಡಿದ್ದಳು. ಹಿಂದೆ ಡ್ರಿಲ್ ಮೇಷ್ಟ್ರು, ಅವನ ಹಿಂದೆ ಟೈ ಅಧಿಕಾರಿ, ನಿಧಾನವಾಗಿ ಬಿಳಿಕೂದಲಿನವರು.

ಕಚೇರಿಯಲ್ಲಿ ಪ್ರಿಂಟರಿಗೆ ತಂತಿಯೇ ಇರಲಿಲ್ಲ. ಗುಮಾಸ್ತ ಏನೂ ಅರಿಯದವನಂತೆ ಛಾವಣಿ ನೋಡುತ್ತಿದ್ದ. ತಂತಿಯಕ್ಕ ಅವನ ಮೇಜಿನ ಡ್ರಾಯರು ತೋರಿಸಿ "ತೆಗಿ" ಎಂದಳು. ಒಳಗೆ ತಂತಿ ಅಚ್ಚುಕಟ್ಟಾಗಿ ಸುರುಳಿ ಸುತ್ತಿಕೊಂಡು, ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು, ಮಲಗಿದ ಮಗುವಿನಂತೆ ಬಿದ್ದಿತ್ತು.

"ಕದ್ದ ಮಾಲಿಗೂ ರಬ್ಬರ್ ಬ್ಯಾಂಡ್ ಹಾಕೋ ಕಳ್ಳನ್ನ ಇವತ್ತೇ ನೋಡಿದ್ದು ನಾನು!"

"ಧೂಳು ಹಿಡೀಬಾರ್ದು ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ ಅಕ್ಕ" ಎಂದ ಗುಮಾಸ್ತ, ಅಳು ಮುಖದಲ್ಲಿ. "ನಾನೊಬ್ಬನೇ ಮಾಡ್ತಿದೀನಿ ಅಂದ್ಕೊಂಡೆ. ಇಡೀ ಶಾಲೆಗೇ ಇದೇ ಬುದ್ಧಿ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?"

"ಹಾಕು ಅದನ್ನ! ಹಾಕಿ ನನ್ನ ಹಿಂದೆ ಬಾ!"

ಈಗ ಅದು ಮೆರವಣಿಗೆಯಾಗಿತ್ತು. ಮಾಳಿಗೆಯಲ್ಲಿ ನಗುವಿನ ಹಬ್ಬ ನಡೆಯುತ್ತಿತ್ತು. ಪರದೆಯ ತಂತಿಗಳನ್ನು ಯಾರೋ ಒಂದೊಂದು ಮನೆ ಮುಂದಕ್ಕೆ ಜಾರಿಸಿದ್ದರು. ಇವಳು ಬರೆದದ್ದು ಅವಳ ಪರದೆಯಲ್ಲಿ, ಅವಳು ಬರೆದದ್ದು ಆಚೆಯವಳ ಪರದೆಯಲ್ಲಿ. ಎಲ್ಲೂ ಒಂದು ತಪ್ಪಿಲ್ಲ. ಇಷ್ಟು ಕ್ರಮಬದ್ಧವಾಗಿ ಕೆಡಿಸುವ ಮನುಷ್ಯ ಶಾಲೆಯಲ್ಲಿ ಒಬ್ಬನೇ ಇದ್ದ.

"ಲೆಕ್ಕದ ಮೇಷ್ಟ್ರೇ, ನೀವೂನಾ?"

ಲೆಕ್ಕದ ಮೇಷ್ಟ್ರು ಕನ್ನಡಕ ಒರೆಸಿಕೊಂಡ. "ತಿರುಗಿ ಒಂದೊಂದು ಮನೆ ಹಿಂದಕ್ಕೆ ಸರಿಸಿದ್ರೆ ಸರಿಹೋಗುತ್ತೆ. ಪರಿಹಾರ ಇರೋ ಸಮಸ್ಯೇನೇ ಕೊಟ್ಟಿದೀನಿ."

"ನಿಮ್ಮ ಸಮಸ್ಯೆ ನೀವೇ ಬಿಡಿಸಿ! ಹೆಣ್ಣುಮಕ್ಕಳೇ, ಎದ್ದು ನಿಂತು ಮೇಷ್ಟ್ರಿಗೆ ದಾರಿ ಬಿಡಿ. ಚುಕ್ಕಿ ನೋಡ್ಕೊಂಡು ಹಾಕಿಸಿ. ತಪ್ಪಿದ್ರೆ ಬೈಯೋ ಅಧಿಕಾರ ನಿಮಗೆ ಕೊಟ್ಟಿದೀನಿ."

ಹುಡುಗಿಯರಿಗೆ ಅದಕ್ಕಿಂತ ಇನ್ನೇನು ಬೇಕು? ಕೈ ಬೆನ್ನ ಹಿಂದೆ ಕಟ್ಟಿ, ಸಾಲಾಗಿ ನಿಂತು, "ಕಣ್ಣೆಲ್ಲಿ ಸಾರ್? ಮೆಲ್ಲಗೆ ಸಾರ್! ಅದಲ್ಲ, ಪಕ್ಕದ್ದು ಸಾರ್!" ಎಂದು ಗಂಟಲು ಬಿಚ್ಚಿದರು. ಟೈ ಅಧಿಕಾರಿ ತಡೆಯಲಾರದೆ ಮೇಜಿನ ಕೆಳಗೆ ತೂರಿ ಒಂದು ತಂತಿ ಹಿಡಿದ. "ಇದು ನೀಲಿನಾ?" ಎಂದ. "ನೀಲಿನೇ, ಎಳೀಬೇಡಿ, ಒತ್ತಿ!" ಎಂದು ಅವನಿಗೂ ಒಂದು ಬಿತ್ತು. ಅವನ ಟೈ ಕುರ್ಚಿಯ ಚಕ್ರಕ್ಕೆ ಸಿಕ್ಕಿತ್ತು. ಬಿಡಿಸಿಕೊಂಡು ಹೊರಬಂದಾಗ ಅವನ ಮುಖ ಅರಳಿತ್ತು.

ಆಗ ಲೆಕ್ಕದ ಮೇಷ್ಟ್ರ ಫೋನು ಹೊಡೆದುಕೊಂಡಿತು. ಅವನು ಒಮ್ಮೆ ಗೋಡೆಯ ಗಡಿಯಾರ ನೋಡಿದ.

"ಅಕ್ಕ. ಹನ್ನೊಂದರ ಪಾಠ."

*

ನದಿಯಾಚೆ ಒಂದು ಪುಟ್ಟ ಶಾಲೆಯಿತ್ತು. ಅಲ್ಲಿ ಲೆಕ್ಕ ಹೇಳುವವರಿರಲಿಲ್ಲ. ದಿನಾ ಹನ್ನೊಂದಕ್ಕೆ ಈ ಲೆಕ್ಕದ ಮೇಷ್ಟ್ರೇ ಪರದೆಯ ಮೇಲೆ ಆ ಮಕ್ಕಳಿಗೆ ಪಾಠ ಮಾಡುತ್ತಿದ್ದ. ಆ ಏರ್ಪಾಟು ಮಾಡಿದವಳು ತಂತಿಯಕ್ಕ. ಅದೊಂದು ಪಾಠ ಇವತ್ತಿನವರೆಗೆ ಒಂದು ದಿನವೂ ತಪ್ಪಿರಲಿಲ್ಲ. ಫೋನಿನಲ್ಲಿ ಅಲ್ಲಿಯ ಟೀಚರಮ್ಮ: "ಮಕ್ಕಳು ಕೂತಿದಾರೆ ಸಾರ್, ಪರದೆ ಬರೀ ಕಪ್ಪು. ನಾಳೆ ಇವರಿಗೆ ಪರೀಕ್ಷೆ."

"ಆಟ ಸಾಕು!" ಎಂದಳು ತಂತಿಯಕ್ಕ. ಅವಳ ದನಿ ಈಗ ಬೇರೆಯಾಗಿತ್ತು. "ಅಂತರ್ಜಾಲ ಯಾರು ಕೆಡಿಸಿದ್ದು? ಹೇಳ್ಬಿಡಿ. ಬೈಯಲ್ಲ."

ಡ್ರಿಲ್ ಮೇಷ್ಟ್ರು ಗುಮಾಸ್ತನನ್ನು ನೋಡಿದ, ಗುಮಾಸ್ತ ಲೆಕ್ಕದ ಮೇಷ್ಟ್ರನ್ನು ನೋಡಿದ. ನಾನಲ್ಲ, ನಾನಲ್ಲ, ನನ್ನಾಣೆ ನಾನಲ್ಲ.

ತಂತಿಯಕ್ಕ ಯೋಚಿಸಿದಳು. ಎಲ್ಲ ಕೋಣೆಯಲ್ಲೂ ಒಟ್ಟಿಗೇ ಹೋಗಿದೆ ಎಂದರೆ ಬೇರಿಗೇ ಕೊಡಲಿ ಬಿದ್ದಿದೆ. ಬೇರು ಇರುವುದು ಒಂದು ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಇರುವುದು ಹೆಡ್ ಮೇಡಂ ಕೋಣೆಯ ಬೀರುವಿನಲ್ಲಿ. ಬೀರುವಿನ ಬೀಗದ ಕೈ...

ಎಲ್ಲರ ಹಿಂದೆ ನಿಂತಿದ್ದ ಹೆಡ್ ಮೇಡಂ ಕೈ ತಾನಾಗಿ ಸೊಂಟದ ಬೀಗದ ಕೈಗೊಂಚಲನ್ನು ಮುಟ್ಟಿ ನೋಡಿಕೊಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಕತೆ.

"ಮೇಡಂ!" ಗುಮಾಸ್ತ ಬಾಯಿ ತೆರೆದ. "ಬೇಲಿನೇ ಎದ್ದು ಹೊಲ ಮೇಯ್ದು ಬಿಡ್ತಾ?"

"ಸುಮ್ನಿರೋ" ಎಂದರು ಹೆಡ್ ಮೇಡಂ. ಆದರೆ ಗಂಟಲಲ್ಲಿ ಎಂದಿನ ಗತ್ತಿರಲಿಲ್ಲ.

ಎಲ್ಲರೂ ಓಡಿದರು. ಬೀರು ತೆರೆದರೆ, ಪೆಟ್ಟಿಗೆಯ ಮೇಲೆ ಮೇಡಂ ಶಾಲು. ಶಾಲು ಸರಿಸಿದರೆ, ಅಯ್ಯೋ! ಉಳಿದವರಿಗೆ ಕೆಡಿಸಲಾದರೂ ಬರುತ್ತಿತ್ತು. ಮೇಡಂಗೆ ಅದೂ ಗೊತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತಿದ್ದರು. ತಂತಿಗಳೆಲ್ಲ ಬಾಚದ ತಲೆಯಂತೆ ಜೋತುಬಿದ್ದಿದ್ದವು.

"ನಿನ್ನೆ ನೀನು ಗೋಳಾಡಿದ್ದು ನನ್ನ ಕೋಣೆಗೂ ಕೇಳಿಸಿತ್ತು. ಒಂದು ತೆಗೆದೆ, ದೀಪ ಆರಲಿಲ್ಲ. ಇನ್ನೊಂದು ತೆಗೆದೆ. ಆಮೇಲೆ ಯಾವುದು ಎಲ್ಲಿತ್ತು ಅಂತ ಮರೆತು ಹೋಯ್ತು" ಎಂದರು ಮೇಡಂ, ಶಿಕ್ಷೆಗೆ ನಿಂತ ಹುಡುಗಿಯ ಹಾಗೆ.

ಟೈ ಅಧಿಕಾರಿ ತಂತಿಯಕ್ಕನ ಕಿವಿಯ ಬಳಿ ಬಗ್ಗಿದ. "ಅಕ್ಕ, ಇದೊಂದನ್ನಾದ್ರೂ ನಿಮ್ಮ ಕೈಯಾರೆ ಮಾಡಿ. ನಮ್ಮ ಮೇಡಂ ನೋಡ್ತಿದಾರೆ."

ಬಿಳಿಕೂದಲಿನವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ತಂತಿಯಕ್ಕನ ಕೈ ಬೆನ್ನಿನಿಂದ ಮುಂದಕ್ಕೆ ಬಂತು. ಬೆರಳುಗಳಿಗೆ ಈ ಪೆಟ್ಟಿಗೆ ಕಣ್ಣು ಮುಚ್ಚಿದರೂ ಗೊತ್ತು. ಚಕಚಕ ಹಾಕಿದರೆ ಚಪ್ಪಾಳೆ ಖಂಡಿತ. ಚಪ್ಪಾಳೆ ಬಿದ್ದರೆ ಕೋಣೆ, ಕೋಣೆ ಬಂದರೆ ಬಾಗಿಲು. ಹಿತ್ತಾಳೆ ಹಿಡಿಕೆ ಅಂಗೈಗೆ ತಾಗಿದಂತಾಯಿತು.

ಲೆಕ್ಕದ ಮೇಷ್ಟ್ರು ಎತ್ತಿ ಹಿಡಿದಿದ್ದ ಫೋನಿನಲ್ಲಿ ಟೀಚರಮ್ಮ ಕೂಗಿದಳು: "ಅಕ್ಕ, ಇಲ್ಲಿ ನಮ್ಮ ಪೆಟ್ಟಿಗೇಲೂ ಕೆಂಪು ದೀಪ ಬಂತು! ನಾನೇನು ಮಾಡ್ಲಿ? ಹೊಸಬಳು ನಾನು, ಭಯ ಆಗ್ತಿದೆ!"

ಇರುವುದು ಒಂದು ಬಾಯಿ, ಎರಡು ಕೈ. ಇಲ್ಲಿ ತಂತಿಗೆ ಕೈ ಹಾಕಿದರೆ ಅಲ್ಲಿ ಟೀಚರಮ್ಮನ ಕೈ ಹಿಡಿಯುವವರಿಲ್ಲ. ಡ್ರಿಲ್ ಮೇಷ್ಟ್ರು "ನಾನು ಹಾಕ್ತೀನಿ" ಎಂದು ಮುಂದೆ ಬಂದ. ತಂತಿಯಕ್ಕ ಅವನನ್ನು ಮೊಣಕೈಯಲ್ಲಿ ತಡೆದಳು.

"ಕಿತ್ತ ಕೈಯೇ ಹಾಕಬೇಕು. ಮೇಡಂ, ಕೂತ್ಕೊಳ್ಳಿ ನೆಲಕ್ಕೆ."

ಹೆಡ್ ಮೇಡಂಗೆ ಕೂತ್ಕೊಳ್ಳಿ ಎಂದವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ.

ಮೇಡಂ ಸೆರಗು ಸಿಕ್ಕಿಸಿ ನೆಲಕ್ಕೆ ಕೂತರು.

"ಟೀಚರಮ್ಮ, ಹಿಂದಿನ ಗುಂಡಿ ಒತ್ತಿ ಆರಿಸಿ. ಪೂರ್ತಿ ಆರಲಿ. ಮೇಡಂ, ಕೆಂಪು ಚುಕ್ಕಿ ಮೊದಲು. ಅದು ಕೆಂಪಾ? ಅದು ಕೇಸರಿ! ಇಷ್ಟು ವರ್ಷ ಮಕ್ಕಳಿಗೆ ಬಣ್ಣ ಹೇಳ್ಕೊಟ್ಟಿದ್ದು ಇದೇನಾ? ಟೀಚರಮ್ಮ, ಈಗ ಹಚ್ಚಿ. ಹೆದರ್ಬೇಡಿ, ಅದು ಕಚ್ಚಲ್ಲ. ಮೇಡಂ, ಒತ್ತಿ! ಟಕ್ ಅಂತ ಸದ್ದು ಬರಬೇಕು. ಮಕ್ಕಳ ಕಿವಿ ಹಿಂಡೋಕೆ ಬರುವ ಶಕ್ತಿ ಈಗೆಲ್ಲಿ ಹೋಯ್ತು? ಹಾಂ, ಟಕ್! ಜಾಣೆ! ಮುಂದಿನದು ಹಸಿರು!"

"ಇದು ಹಸಿರೇ ಅಲ್ವೇನೇ?" ಮೇಡಂ ಹಣೆಯ ಮೇಲೆ ಬೆವರು, ಕಣ್ಣಲ್ಲಿ ಮಿಂಚು.

"ಹಸಿರೇ! ಹಾಕಿ! ಟೀಚರಮ್ಮ, ದೀಪ?"

"ಕೆಂಪು... ಹಳದಿ... ಅಕ್ಕ, ಮಿನುಗ್ತಿದೆ!"

"ಮೇಡಂ, ಕಡೇದು! ನೀಲಿ!"

ಟಕ್.

ಪೆಟ್ಟಿಗೆಯ ಮೇಲೆ ಒಂದು ಹಸಿರು ದೀಪ ಹತ್ತಿತು. ಪಕ್ಕದ್ದು ಹತ್ತಿತು. ಸಾಲು ದೀಪ ಹತ್ತಿಕೊಂಡು ಓಡಿತು. ಮೇಲಿನ ಮಾಳಿಗೆಯಿಂದ ಹುಡುಗಿಯರು ಹೋ ಎಂದರು. ಲೆಕ್ಕದ ಮೇಷ್ಟ್ರು ಮೆಟ್ಟಿಲನ್ನು ಎರಡೆರಡಾಗಿ ಹಾರಿ ತನ್ನ ಪರದೆಯ ಮುಂದೆ ನಿಂತ. ಕಪ್ಪು ಸರಿಯಿತು. ನದಿಯಾಚೆಯ ಮಕ್ಕಳ ಮುಖಗಳು ಒಂದರ ಪಕ್ಕ ಒಂದು ಮೂಡಿ, ಕೋಣೆ ನಡುಗುವಂತೆ ಕೂಗಿದವು: "ಸಾರ್ ಬಂದ್ರು!"

ಹೆಡ್ ಮೇಡಂ ನೆಲದಿಂದ ಏಳಲೇ ಇಲ್ಲ. "ನಾನೇ ಹಾಕ್ದೆ. ನೋಡಿದ್ಯಾ? ನಾನೇ ಹಾಕ್ದೆ!" ಎಂದು ಗುಮಾಸ್ತನ ಕಾಲು ಹಿಡಿದು ಅಲ್ಲಾಡಿಸುತ್ತಿದ್ದರು.

*

ಗಲಾಟೆ ತಗ್ಗಿದ ಮೇಲೆ ಬಿಳಿಕೂದಲಿನವರು ಮೊದಲ ಬಾರಿ ಬಾಯಿ ತೆರೆದರು. "ನೀವು ಕೆಲಸ ಮಾಡೋ ಜಾಗ ತೋರಿಸಿ."

ತಂತಿಯಕ್ಕ ಮೆಟ್ಟಿಲ ಕೆಳಗೆ ಕರೆದೊಯ್ದಳು. ಅವರು ಸ್ಟೂಲಿನ ಮೇಲೆ ಕೂತು ತಲೆ ಎತ್ತಿದರು, ಮೆಟ್ಟಿಲು ತಲೆಗೆ ಟಣ್ ಎಂದು ಬಡಿಯಿತು. ಅಷ್ಟರಲ್ಲಿ ಡ್ರಿಲ್ ಮೇಷ್ಟ್ರು ಅಭ್ಯಾಸಬಲದಿಂದ ಬಂದು, ಯಾರನ್ನೂ ನೋಡದೆ ನೆಟ್ಟು ಎಳೆದುಕೊಂಡು ಹೋದ. ಸ್ಕ್ರೂಗಳು ಅಧಿಕಾರಿಣಿಯ ಮಡಿಲಿಗೆ ಸುರಿದವು.

"ಇದಕ್ಕೊಂದು ಬಾಗಿಲಿಲ್ವಾ?"

"ಬಾಗಿಲಿದೆ. ನಮ್ಮನೇಲಿದೆ. ನಮ್ಮತ್ತೆ ಅದರ ಮೇಲೆ ಬಟ್ಟೆ ಒಣಗಿಸ್ತಾರೆ."

ಅವರು ಮಡಿಲಿನ ಸ್ಕ್ರೂಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿದರು. "ಪೇಟೆಬೀದಿಯವರು ತಮ್ಮ ಕೈಯಲ್ಲೇ ಒಂದು ಕಂಪ್ಯೂಟರ್ ಬದುಕಿಸಿದ್ರು. ನೀವು ಇವತ್ತು ಒಂದು ತಂತಿನೂ ಮುಟ್ಟಲಿಲ್ಲ."

ಮುಗಿಯಿತು ಎಂದುಕೊಂಡಳು ತಂತಿಯಕ್ಕ. ಮುಗಿದಮೇಲೆ ನಾಲಿಗೆಗೇಕೆ ಬೇಲಿ?

"ಮುಟ್ಟಲ್ಲ! ಯಾಕೆ ಮುಟ್ಟಬೇಕು? ಎಲ್ಲಾ ನಾನೇ ಮಾಡಿ, ನಾಳೆ ನನಗೆ ಜ್ವರ ಬಂದು ಮಲಗಿದ್ರೆ ಆ ನದಿಯಾಚೆ ಮಕ್ಕಳು ಕಪ್ಪು ಪರದೆ ನೋಡ್ಕೊಂಡು ಕೂರಬೇಕಾ? ಇವತ್ತು ಅರ್ಧ ಶಾಲೆ ಕೆಡಿಸಿದ್ದು ಇವರೇ, ಸರಿ ಮಾಡಿದ್ದೂ ಇವರೇ. ಅದು ನಿಮಗೆ ಕೆಲಸ ಅಂತ ಕಾಣ್ಲಿಲ್ಲ ಅಂದ್ರೆ ಬಿಡಿ. ಕೋಣೆ ಪೇಟೆಬೀದಿಗೇ ಕೊಡಿ. ನಮ್ಮತ್ತೆ ಬಟ್ಟೆಗೂ ಜಾಗ ಬೇಕಲ್ಲ!"

ಅಧಿಕಾರಿಣಿ ಎದ್ದರು. ಈ ಸಲ ತಲೆ ತಗ್ಗಿಸಿಯೇ ಎದ್ದರು. ಸ್ಕ್ರೂ ಡಬ್ಬಿಗೆ ಮುಚ್ಚಳ ಹಾಕಿಟ್ಟು ಹೊರಟುಹೋದರು.

ಮನೆಯಲ್ಲಿ ಗಂಡ ಎದುರುನೋಡುತ್ತಿದ್ದ. "ಏನಾಯ್ತು?"

"ಅತ್ತೆಗೆ ಹಗ್ಗ ಬೇಡ ಅಂತ ಹೇಳಿ" ಎಂದು ಒಳಗೆ ಹೋಗಿ ಮಲಗಿಬಿಟ್ಟಳು.

*

ಸಮಾರಂಭಕ್ಕೆ ಇಡೀ ಶಾಲೆ ಬಂದಿತ್ತು. ತಂತಿಯಕ್ಕನಿಗೆ ಬರುವ ಮನಸ್ಸೇ ಇರಲಿಲ್ಲ. ಹೆಡ್ ಮೇಡಂ ಮನೆಗೇ ಬಂದು, "ಕೂತ್ಕೊಳ್ಳಿ ಅಂದಾಗ ನಾನು ಕೂತೆ. ಈಗ ಏಳು ಅಂದರೆ ನೀನು ಏಳಬೇಕು" ಎಂದು ಎಬ್ಬಿಸಿಕೊಂಡು ಬಂದಿದ್ದರು. ಗಂಡ ಒಗೆದ ಅಂಗಿ ತೊಟ್ಟು ಕೊನೆಯ ಸಾಲಿನಲ್ಲಿ ಕೂತಿದ್ದ. ಅತ್ತೆಯೂ ಬಂದಿದ್ದಳು. ಸೋಲುವುದನ್ನು ನೋಡಬೇಕಂತೆ, ಹಾಗೆಂದಳು. ಆದರೆ ಮದುವೆಯ ಸೀರೆ ಉಟ್ಟಿದ್ದಳು.

ವೇದಿಕೆಯ ಮೇಲೆ ಟೈ ಅಧಿಕಾರಿ ಮೈಕು ಹಿಡಿದ. ಹಿಂದೆ ದೊಡ್ಡ ಪರದೆ. "ಈ ವರ್ಷದ ಶ್ರೇಷ್ಠ ತಾಂತ್ರಿಕ ಸಹಾಯಕರ ಪ್ರಶಸ್ತಿ..." ಎಂದ.

ಪರದೆ ಕಪ್ಪಾಯಿತು. ಮೈಕು ಸತ್ತಿತು.

ಸಭೆಯಲ್ಲಿ ಗುಜುಗುಜು. ತಂತಿಯಕ್ಕ ಆಗಲೇ ಎದ್ದು ನಿಂತಿದ್ದಳು, ಕೈ ಬೆನ್ನ ಹಿಂದೆ. ಹಿಂದಿನ ಸಾಲಿನಿಂದ ಡ್ರಿಲ್ ಮೇಷ್ಟ್ರು "ಈ ಸಲ ನಾನಲ್ಲ!" ಎಂದು ಎರಡೂ ಕೈ ಮೇಲೆತ್ತಿದ.

"ರೀ, ಟೈ!" ಅವಳ ಗಂಟಲಿಗೆ ಮೈಕು ಬೇಕಿರಲಿಲ್ಲ. "ನಿಮ್ಮ ಬಲಗಾಲು ನೋಡ್ಕೊಳ್ಳಿ! ತಂತಿ ತುಳಿದು ಕಿತ್ತಿದೀರಿ!"

ಒಬ್ಬ ಸಿಬ್ಬಂದಿ ಓಡಿ ಬಂದ. ಟೈ ಅಧಿಕಾರಿ ಅವನನ್ನು ತಡೆದ. "ಬೇಡ ಬೇಡ! ನಾನೇ ಮಾಡ್ತೀನಿ. ಕಿತ್ತ ಕಾಲೇ ಹಾಕಬೇಕು!" ಎಂದು ಮಂಡಿಯೂರಿ, ಟೈಯನ್ನು ಭುಜದ ಹಿಂದಕ್ಕೆ ಎಸೆದು, ತಂತಿ ಹಿಡಿದ.

"ಎಳೀಬೇಡಿ!"

"ಒತ್ತಬೇಕು. ಗೊತ್ತು, ಗೊತ್ತು!"

ಟಕ್.

ಪರದೆ ಬೆಳಗಿತು. ಅದರ ತುಂಬ ತಂತಿಯಕ್ಕನ ಹೆಸರಿತ್ತು. ಹೆಸರಿನ ಕೆಳಗೆ ಬಿಳಿಕೂದಲಿನವರು ಬರೆಸಿದ ಒಂದೇ ಸಾಲು: ಇವರಿಲ್ಲದ ದಿನವೂ ಇವರ ಶಾಲೆ ನಡೆಯುತ್ತದೆ.

ಆಮೇಲೆ ಯಾರು ಯಾರನ್ನು ಎತ್ತಿದರು, ಯಾರು ಅತ್ತರು, ಯಾರು ಕುರ್ಚಿ ಮುರಿದರು ಎಂದು ಕೇಳಬಾರದು. ಗುಮಾಸ್ತ ಶಿಳ್ಳೆ ಹೊಡೆದ. ಹೆಡ್ ಮೇಡಂ ಅದಕ್ಕಿಂತ ಜೋರಾಗಿ ಶಿಳ್ಳೆ ಹೊಡೆದರು. ಗಂಡ ಫಲಕ ನೋಡಲೂ ನಿಲ್ಲದೆ ಮನೆಗೆ ಓಡಿದ, ಚೌಕಟ್ಟಿಗೆ ಮರ ಕೊಯ್ಯಲು. ವೇದಿಕೆಯ ಮೇಲೆ ತಂತಿಯಕ್ಕನಿಗೆ ಮಾತಾಡಿ ಎಂದರು. ಜನ್ಮದಲ್ಲಿ ಮೊದಲ ಸಲ ಅವಳ ಬಾಯಿ ಕಟ್ಟಿತು.

*

ಮೈದಾನದ ಅಂಚಿನ ಜಗಲಿಯ ಕೊನೆಗೆ ಕೋಣೆ ಎದ್ದಿತು. ಗೋಡೆ ಕಟ್ಟುವವನ ಬೆನ್ನ ಹಿಂದೆ ಗಂಡ ದಿನಾ ಬಾಗಿಲು ಹೊತ್ತು ತಂದು ನಿಲ್ಲುತ್ತಿದ್ದ.

"ಎಲ್ಲ ಕಡೆ ಗೋಡೆ ನೋಡಿ ಬಾಗಿಲು ಮಾಡ್ತಾರೆ ಮಾರಾಯ" ಎಂದು ಗೋಡೆ ಕಟ್ಟುವವನು ಗೋಳಾಡಿದರೆ, "ಇಲ್ಲಿ ಬಾಗಿಲು ನೋಡಿ ಗೋಡೆ ಕಟ್ಟು" ಎನ್ನುತ್ತಿದ್ದ ಗಂಡ.

ಬಾಗಿಲು ಕೂಡಿಸಿದ ದಿನ ತಂತಿಯಕ್ಕ ಒಳಗೆ ಹೋಗಿ ಅದನ್ನು ಹಾಕಿದಳು. ತೆಗೆದಳು. ಮತ್ತೆ ಹಾಕಿದಳು. ಬಾಗಿಲಿನ ಮೈಮೇಲೆ ಅತ್ತೆಯ ಒದ್ದೆ ಸೀರೆಯ ಒಂದು ಕಲೆ ಹಾಗೇ ಉಳಿದಿತ್ತು. ಗಂಡ ಉಜ್ಜುತ್ತೇನೆಂದರೂ ಅವಳು ಬಿಡಲಿಲ್ಲ. ಸ್ಕ್ರೂ ಡಬ್ಬಿಯನ್ನು ಮೇಜಿನ ನಟ್ಟನಡುವೆ, ಮುಚ್ಚಳ ತೆಗೆದು ಇಟ್ಟಳು. ಯಾವ ನೆಟ್ಟು ಬರುತ್ತದೋ ನೋಡೋಣ.

ಹೊರಗೆ ದಡದಡ ಹೆಜ್ಜೆ. "ಅಕ್ಕಾ, ನಮ್ಮ ಸ್ಪೀಕರು..." ಎಂದು ಡ್ರಿಲ್ ಮೇಷ್ಟ್ರು ಎಂದಿನಂತೆ ನುಗ್ಗಿ ಬಂದ. ಹಣೆ ಬಾಗಿಲಿಗೆ ಬಡಿಯಿತು.

"ತಟ್ಟಬೇಕು!" ಒಳಗಿನಿಂದ ಗುಡುಗು.

ಅವನು ತಟ್ಟಿದ.

"ಯಾರದು?"

"ನಾನು ಅಕ್ಕ."

"ನಾನು ಅಂದ್ರೆ?"

"ನಾನೇ ಅಕ್ಕ, ಡ್ರಿಲ್ಲು!"

ತಂತಿಯಕ್ಕ ಅಂಗೈಯನ್ನು ಹಿತ್ತಾಳೆ ಹಿಡಿಕೆಯ ಮೇಲಿಟ್ಟು, ಅದರ ತಂಪನ್ನು ಸವಿಯುತ್ತ, ಇನ್ನೊಂದು ಗಳಿಗೆ ನಿಂತಳು.

"ಕೇಳಿಸ್ಲಿಲ್ಲ" ಎಂದಳು. "ಇನ್ನೊಂದ್ಸಲ ತಟ್ಟಿ."